ಮಾತಾಡೋಕೆ ಆಗದಷ್ಟು ಜೋರಾಗಿ ಓಡಬೇಡಿ

ಓಟದ ಬಗ್ಗೆ ಪತ್ರಗಳು ರಾಶಿ ಬಿದ್ದಿವೆ, ಉತ್ತರ ಬರೀತೀರಾ ಅಂತ ಸಂಪಾದಕರು ಕೇಳಿದರು. ನಾನು ಡಾಕ್ಟರ್ ಅಲ್ಲ, ಕ್ರೀಡಾ ಕಾಲೇಜಿನಲ್ಲಿ ಓದಿದವನೂ ಅಲ್ಲ. ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ವಯಸ್ಸು 68. ಬಿಪಿ ಬಂತು ಅಂತ 41ನೇ ವಯಸ್ಸಿನಲ್ಲಿ ಓಡೋಕೆ ಶುರು ಮಾಡಿದೆ. ಈಗ ಮೈಸೂರಿನಲ್ಲಿ ಬೆಳಗಿನ ಜಾವ ಒಂದಷ್ಟು ಜನರನ್ನು ಓಡಿಸ್ತೀನಿ. ಬೇಡ ಅಂದರೂ ಎಲ್ಲರೂ 'ಮೇಷ್ಟ್ರೇ' ಅಂತಾರೆ. ಗುಂಪಿನಲ್ಲಿ ನನ್ನ ಜಾಗ ಕೊನೆ. ಹಿಂದೆ ಬಿದ್ದವರ ಜೊತೆ ಓಡೋದೇ ನನ್ನ ಕೆಲಸ.

ಪ್ರಶ್ನೆ: ಸಾರ್, ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೆ ತಯಾರಿ ಮಾಡ್ತಿದ್ದೀನಿ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ನಂದು 7 ನಿಮಿಷ 10 ಸೆಕೆಂಡ್. ಮೊದಲ ಸುತ್ತು 84 ಸೆಕೆಂಡ್, ಆಮೇಲೆ 104, 120, 122. ದಿನಾ ಪೂರ್ತಿ ಜೋರಾಗಿ ಓಡ್ತೀನಿ. ಎರಡು ತಿಂಗಳಿಂದ ಟೈಮ್ ಇಳಿದಿಲ್ಲ. ಮಂಡಿ ಕೆಳಗೆ, ಕಾಲಿನ ಮುಂದಿನ ಎಲುಬು ನೋಯ್ತಿದೆ.
– ಒಬ್ಬ ಅಭ್ಯರ್ಥಿ, ಮಂಡ್ಯ ತಾಲ್ಲೂಕು

ಉತ್ತರ: ತಮ್ಮಾ, ಸುತ್ತು ಸುತ್ತಿಗೂ ಟೈಮ್ ಬರೆದು ಕಳಿಸಿದ್ದೀಯಲ್ಲ, ಅದಕ್ಕೇ ನಿನ್ನ ಪತ್ರಕ್ಕೆ ಮೊದಲ ಉತ್ತರ. ಆರೂವರೆ ನಿಮಿಷ ಅಂದರೆ 390 ಸೆಕೆಂಡ್. ನಾಲ್ಕು ಸುತ್ತಿಗೆ ಹಂಚಿದರೆ ಸುತ್ತಿಗೆ 97 ಚಿಲ್ಲರೆ ಬರುತ್ತೆ. ನೀನು ಮೊದಲ ಸುತ್ತಿನಲ್ಲಿ 13 ಸೆಕೆಂಡ್ ಉಳಿಸಿದೆ. ಆ ಹದಿಮೂರಕ್ಕೆ ಉಳಿದ ಮೂರು ಸುತ್ತಿನಲ್ಲಿ 53 ಸೆಕೆಂಡ್ ಬಡ್ಡಿ ಕಟ್ಟಿದೆ. ಮೀಟರ್ ಬಡ್ಡಿಯವನೂ ಇಷ್ಟು ಕೀಳಲ್ಲ.

ಮೊದಲು ಎಲುಬಿನ ವಿಷಯ. ಹೆಬ್ಬೆರಳಿನಿಂದ ಒತ್ತಿ ನೋಡು. ಎಲುಬಿನ ಒಳಅಂಚಿನ ಉದ್ದಕ್ಕೂ ಒಂದು ಗೇಣಷ್ಟು ನೋವಿದ್ದರೆ ಅದು ಹೆಚ್ಚು ಓಡಿದ್ದರ ಫಲ, ವಿಶ್ರಾಂತಿಗೆ ಬಗ್ಗುತ್ತೆ. ನಾಣ್ಯದಷ್ಟು ಒಂದೇ ಜಾಗದಲ್ಲಿ ಚುಚ್ಚಿದ ಹಾಗಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆ ಡಾಕ್ಟರ ಹತ್ತಿರ ಹೋಗು. ಎಲುಬಿನಲ್ಲಿ ಕೂದಲಿನಂಥ ಬಿರುಕು ಬಿಟ್ಟಿರಬಹುದು. ಶುರುವಿನ ದಿನಗಳಲ್ಲಿ ಅದು ಎಕ್ಸ್‌ರೇಯಲ್ಲೂ ಕಾಣದೆ ಹೋಗಬಹುದು, ಹಾಗಾಗಿ 'ಎಕ್ಸ್‌ರೇ ಸರಿ ಇದೆ' ಅಂತ ಮಾರನೇ ದಿನವೇ ಓಡಬೇಡ. ಏನೇ ಇದ್ದರೂ ಎರಡು ವಾರ ಜೋರು ಓಟ ಬಂದ್. ಸೈಕಲ್ ತುಳಿ.

ನೋವು ಹೋದ ಮೇಲೆ ವಾರಕ್ಕೆ ಒಂದೇ ದಿನ ಗಡಿಯಾರ ಹಿಡಿದು ಓಡು. 400 ಮೀಟರ್ ಆರು ಸಲ, ಪ್ರತಿ ಸಲ 95ರಿಂದ 97 ಸೆಕೆಂಡ್, ನಡುವೆ ಎರಡು ನಿಮಿಷ ನಡಿಗೆ. 84ಕ್ಕೆ ಮುಗಿಸಿದರೆ ಶಭಾಷ್ ಅಲ್ಲ, ಅದು ಫೇಲ್. ನಿನ್ನ ಕಾಲಿಗೆ ಬರಬೇಕಾದ್ದು ವೇಗವಲ್ಲ, ಲೆಕ್ಕ. ಇನ್ನು ಮೂರು ದಿನ ಐದಾರು ಕಿಲೋಮೀಟರ್ ನಿಧಾನ, ಪಕ್ಕದವನ ಜೊತೆ ಮಾತಾಡಿಕೊಂಡು. ಮಾತು ಕಡಿದು ಹೋದರೆ ವೇಗ ಜಾಸ್ತಿ ಆಯ್ತು ಅಂತ ಅರ್ಥ.

'ಆರೂವರೆ ನಿಮಿಷದ ಪರೀಕ್ಷೆಗೆ ನಿಧಾನ ಯಾಕೆ?' ಅಂತ ನಮ್ಮ ಹುಡುಗರೂ ಕೇಳ್ತಾರೆ. ಅಷ್ಟು ಹೊತ್ತು ಓಡೋಕೆ ಬೇಕಾದ ಶಕ್ತಿಯ ಬಹುಪಾಲು ನೀನು ಎಳೆದುಕೊಳ್ಳುವ ಉಸಿರಿನಿಂದ ಬರಬೇಕು. ನಿಧಾನವಾಗಿ ತುಂಬಾ ಹೊತ್ತು ಓಡಿದಾಗ ಮಾಂಸಖಂಡದೊಳಗೆ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ನೀನು ಮಂಡ್ಯದವನು, ನಿನಗೆ ಗೊತ್ತು. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ತುಂಬಿ ಹರಿದರೆ ಸಾಲದು, ಗದ್ದೆವರೆಗೆ ಕಾಲುವೆ ತೋಡಿರಬೇಕು. ಈಗ ನೀನು ದಿನಾ ತೂಬು ಎತ್ತುತ್ತಿದ್ದೀಯ, ಕಾಲುವೆ ತೋಡ್ತಿಲ್ಲ.

ಟಾರ್ ರಸ್ತೆ ಬಿಟ್ಟು ನಾಲೆ ಏರಿಯ ಮಣ್ಣಿನ ದಾರಿ ಹಿಡಿ. ರಸ್ತೆಗೆ ಇಳಿಯಲೇಬೇಕಾದರೆ ಎದುರಿನಿಂದ ಬರುವ ವಾಹನ ಕಾಣುವ ಹಾಗೆ ಬಲಗಡೆ ಓಡು, ಬಿಳಿ ಬನಿಯನ್ ಹಾಕು. ಕಬ್ಬು ಕಡಿಯುವ ಕಾಲದಲ್ಲಿ ಲಾರಿ, ಟ್ರ್ಯಾಕ್ಟರುಗಳು ಕತ್ತಲಲ್ಲೇ ಹೊರಡ್ತವೆ. ನೂರರ ವಯಸ್ಸಿನಲ್ಲಿ ಟೊರಾಂಟೊದಲ್ಲಿ ಮ್ಯಾರಥಾನ್ ಮುಗಿಸಿದ ಫೌಜಾ ಸಿಂಗ್ 2025ರ ಜುಲೈನಲ್ಲಿ ತೀರಿಕೊಂಡದ್ದು ಕಾಯಿಲೆಯಿಂದಲ್ಲ. ಪಂಜಾಬಿನ ತಮ್ಮ ಊರಿನ ಹತ್ತಿರ ರಸ್ತೆಯಲ್ಲಿ ಗಾಡಿ ಬಡಿದು.

ಪ್ರಶ್ನೆ: ನನಗೆ 52. ಶುಗರ್ ಇದೆ, ಮಾತ್ರೆ ತಗೋತೀನಿ. ನಡೆದು ನಡೆದು ಬೇಜಾರಾಗಿದೆ, ಓಡಬೇಕು ಅನ್ನೋ ಆಸೆ. ಆದರೆ ಬೀದಿಯಲ್ಲಿ ಓಡಿದರೆ ಜನ ಏನಂತಾರೋ ಅಂತ ಅಂಜಿಕೆ. ಮಗಳ ಮದುವೆ ಬೇರೆ ನೋಡ್ತಿದ್ದೀವಿ.
– ಗೃಹಿಣಿ, ಸರಸ್ವತಿಪುರಂ

ಉತ್ತರ: ಅಮ್ಮಾ, ಜನ ಅಂತಾರೆ. ಅನ್ನಲ್ಲ ಅಂತ ಸುಳ್ಳು ಹೇಳಲ್ಲ. ನಮ್ಮ ಗುಂಪಿಗೆ ಮೊದಲು ಬಂದ ಹೆಂಗಸು ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರು. ಚೂಡಿದಾರ್ ಮೇಲೆ ಗಂಡನ ಹಳೇ ಶರ್ಟು, ಕಾಲಿಗೆ ಮಗನ ಸ್ಕೂಲಿನ ಬಿಳಿ ಕ್ಯಾನ್ವಾಸ್ ಶೂ. ಮೊದಲ ವಾರ ಟೀ ಅಂಗಡಿ ಮುಂದೆ ಕೂತವರು 'ಬಸ್ಸು ಹೋಯ್ತಾ ಅಕ್ಕಾ?' ಅಂತ ರೇಗಿಸಿದರು. ಅವರು ನಿಂತು, 'ಹೂಂ ಕಣಪ್ಪ, ಮುಂದಿನ ಸ್ಟಾಪಲ್ಲಿ ಹಿಡೀತೀನಿ' ಅಂದರು. ಮೂರನೇ ವಾರದ ಹೊತ್ತಿಗೆ ಟೀ ಅಂಗಡಿಯವರಿಗೂ ಅದು ಹಳೇ ಜೋಕು.

ದೊಡ್ಡ ದೊಡ್ಡವರೇ ಇದಕ್ಕಿಂತ ಕೆಟ್ಟದಾಗಿ ನಡೆದುಕೊಂಡಿದ್ದಾರೆ. 1967ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಕ್ಯಾಥರಿನ್ ಸ್ವಿಟ್ಜರ್ ನಂಬರು ಕಟ್ಟಿಕೊಂಡು ಓಡುತ್ತಿದ್ದಾಗ ಓಟದ ಅಧಿಕಾರಿಯೇ ಹಿಂದಿನಿಂದ ಬಂದು ನಂಬರು ಕಿತ್ತುಕೊಳ್ಳೋಕೆ ನೋಡಿದ. ಅವರು ಓಟ ಮುಗಿಸಿಯೇ ಬಂದರು. ಒಲಿಂಪಿಕ್ಸ್‌ನಲ್ಲಿ 1980ರವರೆಗೂ ಹೆಂಗಸರಿಗಿದ್ದ ಅತಿ ಉದ್ದದ ಓಟ 1500 ಮೀಟರ್. ಮ್ಯಾರಥಾನ್ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಗೆದ್ದವರು ಜೋನ್ ಬೆನಾಯ್ಟ್. ಅಂದರೆ ನೀವು ಶಾಲೆಗೆ ಹೋಗ್ತಿದ್ದಾಗಲೂ 'ಇದು ಹೆಂಗಸರ ಕೈಲಾಗಲ್ಲ' ಅಂತಲೇ ದೊಡ್ಡವರು ತಲೆ ಅಲ್ಲಾಡಿಸ್ತಿದ್ದರು.

ಹೀಗೆ ಮಾಡಿ. ಹತ್ತು ನಿಮಿಷ ನಡೀರಿ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಎಂಟು ಸಲ. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಓಟ ಅಂದರೆ ಹಾಲು ಉಕ್ಕುತ್ತೆ ಅಂತ ಅಡುಗೆಮನೆಗೆ ಓಡ್ತೀರಲ್ಲ, ಅಷ್ಟು ಜೋರೂ ಬೇಡ. ಶುರು ಮಾಡೋ ಮುಂಚೆ ನಿಮ್ಮ ಡಾಕ್ಟರಿಗೆ ಹೇಳಿ, ಇಸಿಜಿ ಮಾಡಿಸಿ. ಕೆಲವು ಶುಗರ್ ಮಾತ್ರೆ ತಗೊಂಡವರಿಗೆ ಓಡುವಾಗ ಸಕ್ಕರೆ ಥಟ್ಟನೆ ಇಳಿಯುತ್ತೆ. ನಿಮ್ಮದು ಅಂಥ ಮಾತ್ರೆಯಾ ಅಂತ ಕೇಳಿಕೊಳ್ಳಿ. ಕೈ ನಡುಗಿ ಬೆವರು ಕಿತ್ತುಕೊಂಡರೆ ಬಾಯಿಗೆ ಹಾಕಿಕೊಳ್ಳೋಕೆ ಗ್ಲೂಕೋಸ್ ಪುಡಿ ಜೇಬಿನಲ್ಲಿರಲಿ. ಮನೆಗೆ ಬಂದ ಮೇಲೆ ಕಾಲು ತೊಳೆದು ಪಾದದ ಅಡಿ ನೋಡಿಕೊಳ್ಳಿ. ಶುಗರ್ ಇರುವವರಿಗೆ ಗುಳ್ಳೆ ಎದ್ದದ್ದೇ ಗೊತ್ತಾಗದೆ ಹೋಗಬಹುದು.

ಶೂಗೆ ದುಡ್ಡು ಹಾಕಿ. ಇನ್ನೊಂದು ಮಾತು ನನ್ನ ಹೆಂಡತಿ ಬರೆಸ್ತಿರೋದು: ಓಡುವವರಿಗೆ ಅಂತಲೇ ಬರುವ ಬಿಗಿ ಬ್ರಾ ಕೊಳ್ಳಿ, ಶೂ ಅಷ್ಟೇ ಮುಖ್ಯ ಅದು. 'ಇಪ್ಪತ್ತೇಳು ವರ್ಷದಿಂದ ಓಟದ ಪಾಠ ಮಾಡ್ತೀರ, ಇದನ್ನು ಒಂದು ಸಲನಾದ್ರೂ ಹೇಳಿದ್ದೀರಾ?' ಅಂತ ಕೇಳಿದಳು. ಹೇಳಿರಲಿಲ್ಲ.

ಪ್ರಶ್ನೆ: ನನಗೆ 71. ನಲವತ್ತು ವರ್ಷದಿಂದ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದೇನೆ. ಈಗ ನಿಮ್ಮಂಥ ಓಟದ ಗುಂಪುಗಳು ನಾಲ್ಕು ನಾಲ್ಕು ಜನ ಅಡ್ಡಕ್ಕೆ ಓಡುತ್ತಾ, ಫೋನಿನಲ್ಲಿ ಹಾಡು ಹಾಕಿಕೊಂಡು, 'ಸೈಡ್ ಸೈಡ್' ಎಂದು ಕೂಗುತ್ತೀರಿ. ಕುವೆಂಪು ಅವರು ನಡೆದಾಡಿದ ಕೆರೆ ಇದು. ಸ್ವಲ್ಪ ಮರ್ಯಾದೆ ಇರಲಿ.
– ನಿವೃತ್ತ ಅಧ್ಯಾಪಕ, ಜಯಲಕ್ಷ್ಮೀಪುರಂ

ಉತ್ತರ: ಸಾರ್, ತಪ್ಪಾಯ್ತು. ಇದರಲ್ಲಿ ವಾದ ಮಾಡೋಕೆ ಏನೂ ಇಲ್ಲ. ನಿಮ್ಮ ಪತ್ರವನ್ನು ಭಾನುವಾರ ಗುಂಪಿನ ಮುಂದೆ ಜೋರಾಗಿ ಓದಿದೆ. ಇಬ್ಬರು ನಕ್ಕರು. ಅವರಿಗೇ ಅದನ್ನು ಇನ್ನೊಂದು ಸಲ ಓದಿಸಿದೆ.

ಕೆರೆ ಸುತ್ತ ಒಂದು ಸುತ್ತಿಗೆ ಸುಮಾರು 5 ಕಿಲೋಮೀಟರ್ ಆಗುತ್ತೆ, ಮಣ್ಣಿನ ನೆಲ, ನೆರಳು. ಓಡುವವರಿಗೆ ಇಂಥ ಜಾಗ ಊರಲ್ಲಿ ಇನ್ನೊಂದಿಲ್ಲ. ಅದಕ್ಕೇ ನಮ್ಮದೇ ಅನ್ನೋ ಹಾಗೆ ಆಡಿದ್ದೀವಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕೆರೆ ಕಟ್ಟಿಸಿದ್ದು ನಮ್ಮ ಪ್ರಾಕ್ಟೀಸಿಗಲ್ಲ, ನೀರಿಗೆ. ಹೆಜ್ಜಾರ್ಲೆಗಳು ಬರೋದೂ ನಮ್ಮ ಫೋನಿನ ಹಾಡು ಕೇಳೋಕಲ್ಲ. ಈಗ ಹೀಗೆ ಮಾಡಿಕೊಂಡಿದ್ದೀವಿ: ಒಬ್ಬರ ಹಿಂದೆ ಒಬ್ಬರು, ಹಾಡು ಇಲ್ಲ, ನಡೆಯುವವರು ಎದುರಾದರೆ ನಾವೇ ನಿಲ್ಲೋದು. ಜೋರು ಓಟದ ದಿನ ಕೆರೆಗೆ ಬರೋದೇ ಇಲ್ಲ, ಲಲಿತಮಹಲ್ ರಸ್ತೆಗೆ ಹೋಗ್ತೀವಿ. ಮಾತಾಡಿಕೊಂಡು ಓಡಿ ಅಂತ ಹೇಳಿಕೊಟ್ಟವನು ನಾನೇ, ಹಾಗಾಗಿ ಗದ್ದಲದಲ್ಲಿ ಅರ್ಧ ಪಾಪ ನನ್ನದು. ಮೆತ್ತಗೆ ಮಾತಾಡಿ ಅಂತ ಸೇರಿಸಿದ್ದೀನಿ. ಮತ್ತೆ ಯಾರಾದರೂ 'ಸೈಡ್' ಅಂದರೆ ಅಲ್ಲೇ ನಿಲ್ಲಿಸಿ. ನಾನು ಹಿಂದೆ ಬರ್ತಾ ಇರ್ತೀನಿ.

ಪ್ರಶ್ನೆ: ಮ್ಯಾರಥಾನ್ 42.195 ಕಿ.ಮೀ. ಯಾಕೆ? ಸುಮ್ಮನೆ 42 ಇಟ್ಟಿದ್ದರೆ ಆಗ್ತಿರಲಿಲ್ಲವೇ?
– 8ನೇ ತರಗತಿ ವಿದ್ಯಾರ್ಥಿ, ಶ್ರೀರಂಗಪಟ್ಟಣ

ಉತ್ತರ: ಆಗ್ತಿತ್ತು ಮರಿ. ಮೊದಲು ಸುಮಾರು 40 ಕಿ.ಮೀ. ಇತ್ತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಶುರುವಾಗಿ ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಮುಂದೆ ಮುಗಿಯಬೇಕು ಅಂತ ಮಾಡಿದರು. ಅಳತೆ ಹಾಗೆ ಬಂತು. 1921ರಲ್ಲಿ ಅದನ್ನೇ ಖಾಯಂ ಮಾಡಿದರು. ಎಷ್ಟು ದೂರ ಅಂತ ಅಂದಾಜು ಬೇಕಾದರೆ ಮೈಸೂರಿನ ಹೊರವರ್ತುಲ ರಸ್ತೆ ಒಂದು ಸುತ್ತು ಹೆಚ್ಚು ಕಡಿಮೆ 42 ಕಿ.ಮೀ. ಅಪ್ಪನ ಬೈಕಿನಲ್ಲಿ ಒಂದು ಸಲ ಸುತ್ತಿ ಬಾ. ಬೈಕಿನಲ್ಲೇ ಸೊಂಟ ಹಿಡಿಯುತ್ತೆ.

ಪ್ರಶ್ನೆ: ಮೊದಲ ಸಲ ಹಾಫ್ ಮ್ಯಾರಥಾನ್ ಓಡಲಿದ್ದೇನೆ. ಬಾಯಾರಿಕೆ ಆಗುವ ಮುಂಚೆಯೇ ನೀರು ಕುಡೀಬೇಕು, ಸಿಕ್ಕ ಕಡೆಯೆಲ್ಲ ಕುಡೀಬೇಕು ಅಂತ ಗೆಳೆಯರು ಹೇಳ್ತಾರೆ. ನಿಜವೇ?
– ಸಾಫ್ಟ್‌ವೇರ್ ಉದ್ಯೋಗಿ, ಮದ್ದೂರು

ಉತ್ತರ: ಈ ಮಾತು ನಂಬಿ ನಾನು ಉಂಗುರ ಕಳೆದುಕೊಂಡೆ.

ಆಗ ನನಗೆ 49. ದೊಡ್ಡ ಊರೊಂದರಲ್ಲಿ ಮ್ಯಾರಥಾನ್. ಬಿಸಿಲಿತ್ತು. ನೀರಿನ ಟೇಬಲ್ ಕಂಡಲ್ಲೆಲ್ಲ ಎರಡೆರಡು ಲೋಟ ಕುಡಿದೆ. ಬಾಯಾರಿಕೆಯೇ ಇರಲಿಲ್ಲ, ಆದರೂ ಕುಡಿದೆ. 30 ಕಿ.ಮೀ. ದಾಟಿದ ಮೇಲೆ ಹೊಟ್ಟೆ ಗುಳುಗುಳು, ತಲೆ ಭಾರ. ಬೆರಳು ಊದಿಕೊಂಡಿದ್ದವು. ವಾಂತಿಯಾಯ್ತು. ನೀರು ಕಮ್ಮಿ ಆಗಿದೆ ಅಂದುಕೊಂಡು ಇನ್ನೊಂದು ಬಾಟ್ಲಿ ಎತ್ತಿದೆ ನೋಡಿ! 34ರ ಹತ್ತಿರ ಫುಟ್‌ಪಾತ್ ಮೇಲೆ ಕೂತವನಿಗೆ ನನ್ನ ನಂಬರು ಎಷ್ಟು ಅಂತ ಕೇಳಿದರೆ ಹೇಳೋಕೆ ಬರಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ನೋಡಿ ಸೋಡಿಯಂ ತೀರಾ ಇಳಿದಿದೆ ಅಂದರು. ಬೆವರಲ್ಲಿ ಉಪ್ಪು ಹೋಗುತ್ತೆ, ಮೇಲಿಂದ ಬರೀ ನೀರು ಸುರಿದರೆ ರಕ್ತ ತೆಳ್ಳಗಾಗುತ್ತೆ, ಮಿದುಳು ಊದಿಕೊಳ್ಳುತ್ತೆ. ಜೀವಕ್ಕೇ ಬರುವ ವಿಷಯ. ಬೆರಳು ಊದಿ ಮದುವೆ ಉಂಗುರ ಬಿಗಿದಿತ್ತು, ಕತ್ತರಿಸಿ ತೆಗೆದರು. ಆ ಎರಡು ತುಂಡು ಇವತ್ತಿಗೂ ನಮ್ಮ ದೇವರ ಮನೆಯ ಕುಂಕುಮದ ಬಟ್ಟಲಲ್ಲಿವೆ. ನಾನು ಜಂಬ ಕೊಚ್ಚಿಕೊಂಡಾಗ ಹೆಂಡತಿ ಬಟ್ಟಲು ಅಲ್ಲಾಡಿಸ್ತಾಳೆ.

ಬಾಯಾರಿಕೆ ಆದರೆ ಕುಡೀರಿ, ಆಗದಿದ್ದರೆ ಬಿಡಿ. ಒಂದು ಭಾನುವಾರ ಓಟಕ್ಕೆ ಮುಂಚೆ ಮತ್ತು ಆಮೇಲೆ ತೂಕ ನೋಡಿ. ಅರ್ಧ ಕಿಲೋ, ಒಂದು ಕಿಲೋ ಇಳಿದಿದ್ದರೆ ಗಾಬರಿ ಬೇಡ. ಏರಿದ್ದರೆ ಕುಡಿದದ್ದು ಜಾಸ್ತಿ ಆಯ್ತು ಅಂತ ಲೆಕ್ಕ. ಎರಡು ಗಂಟೆ ಮೀರುವ ಓಟಕ್ಕೆ ಓಆರ್‌ಎಸ್ ಕಲಸಿಟ್ಟುಕೊಳ್ಳಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ. ಮುಗಿದ ಮೇಲೆ ಉಪ್ಪು ಹಾಕಿದ ನೀರು ಮಜ್ಜಿಗೆ.

ಪ್ರಶ್ನೆ: ನನ್ನ ಗಂಡನಿಗೆ 44. ಓಟ ಹಿಡಿದು ಎರಡು ವರ್ಷ. ನಾಲ್ಕಕ್ಕೆ ಏಳ್ತಾರೆ, ಒಂಬತ್ತಕ್ಕೆ ಮಲಗ್ತಾರೆ. ಮದುವೆ ಮುಂಜಿಗೆ ಬರಲ್ಲ, ಬಂದರೂ ಪಾಯಸ ಮುಟ್ಟಲ್ಲ. ಹಿಮ್ಮಡಿ ನೋವು ಅಂತ ಕುಂಟುತ್ತಲೇ ಓಡ್ತಾರೆ. ನಿಮ್ಮ ಮಾತಾದರೂ ಕೇಳ್ತಾರೇನೋ.
– ಹೆಸರು ಬೇಡ, ಕುವೆಂಪುನಗರ

ಉತ್ತರ: ತಂಗೀ, ಈ ಪತ್ರವನ್ನು ನನ್ನ ಹೆಂಡತಿ ಮೂರು ಸಲ ಓದಿದಳು, 'ನಾನೇ ಬರೆದ ಹಾಗಿದೆ' ಅಂದಳು.

ನಿಮ್ಮ ಯಜಮಾನರಿಗೆ ನೇರವಾಗಿ ಹೇಳ್ತೀನಿ. ಸ್ವಾಮೀ, ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಮೊಳೆ ಹೊಡೆದ ಹಾಗಾಗುತ್ತೆ, ಹತ್ತು ಹೆಜ್ಜೆಗೆ ಸಡಿಲ ಆಗುತ್ತೆ, ಅಲ್ವಾ? ಅದು ಪಾದದ ಅಡಿಯ ಪಟ್ಟಿ ಎಳೆದು ಬಾತಿರೋದು. ಕುಂಟಿಕೊಂಡು ಓಡಿದರೆ ನೋವು ಮಂಡಿಗೂ ಸೊಂಟಕ್ಕೂ ಏರುತ್ತೆ. ಓಟ ಕಮ್ಮಿ ಮಾಡಿ, ಮೀನಖಂಡ ಎಳೆಯುವ ವ್ಯಾಯಾಮ ಮಾಡಿ, ಮನೆಯಲ್ಲೂ ಬರಿಗಾಲಲ್ಲಿ ಓಡಾಡಬೇಡಿ. ತಿಂಗಳಾನುಗಟ್ಟಲೆ ಹಿಡಿಯುತ್ತೆ. ಆ ತಿಂಗಳಲ್ಲಿ ಎಷ್ಟು ಮದುವೆ ಇವೆಯೋ ಅಷ್ಟಕ್ಕೂ ಹೋಗಿ. ಪಾಯಸ ಬಿಟ್ಟವರು ಯಾರೂ ಕೀನ್ಯಾದವರನ್ನು ಹಿಂದೆ ಹಾಕಿದ್ದು ನಾನು ಕಂಡಿಲ್ಲ. ಕೀನ್ಯಾದ ಎಲಿಯುಡ್ ಕಿಪ್‌ಚೋಗೆ 2022ರಲ್ಲಿ ಬರ್ಲಿನ್‌ನಲ್ಲಿ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿಗೆ ಓಡಿದವರು, ಅವರ ಹೊಟ್ಟೆಪಾಡೇ ಓಟ. ನಮ್ಮದು ಬೇರೆ.

ತಂಗೀ, ಒಂಬತ್ತಕ್ಕೆ ಮಲಗೋದು ಮಾತ್ರ ಬಿಡಿಸಬೇಡಿ. ಅದೊಂದು ಅವರು ಸರಿಯಾಗಿ ಮಾಡ್ತಿದ್ದಾರೆ.

ಪ್ರಶ್ನೆ: ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಓಡುತ್ತಾ ಇಳಿದೆ. ಮೂರು ದಿನ ತೊಡೆ ಮುಟ್ಟೋಕಾಗಲಿಲ್ಲ. ಹತ್ತುವಾಗ ಏನೂ ಆಗಲಿಲ್ಲವಲ್ಲ?
– ಕಾಲೇಜು ವಿದ್ಯಾರ್ಥಿನಿ, ಮಾನಸಗಂಗೋತ್ರಿ

ಉತ್ತರ: ಹತ್ತೋದು ಎದೆಗೆ ಕೆಲಸ, ಇಳಿಯೋದು ತೊಡೆಗೆ. ಇಳಿಯುವಾಗ ತೊಡೆಯ ಸ್ನಾಯು ಬ್ರೇಕ್ ಹಿಡಿಯುತ್ತೆ. ಭಾರ ಹೊತ್ತುಕೊಂಡೇ ಉದ್ದಕ್ಕೆ ಎಳೆಯಲ್ಪಡುತ್ತೆ, ಒಳಗೆ ಸೂಕ್ಷ್ಮವಾಗಿ ಹರಿಯುತ್ತೆ. ನೋವು ಎರಡನೇ ದಿನ ಜಾಸ್ತಿ ಇದ್ದು, ಆಮೇಲೆ ತಾನೇ ಇಳಿಯುತ್ತೆ. ನಾವು ಸಾವಿರ ಮೆಟ್ಟಿಲು ಹತ್ತಿಸ್ತೀವಿ, ಇಳಿಯೋದು ನಡೆದೇ. ಹೊಸಬರನ್ನು ನಂದಿಯವರೆಗೆ, ಅಂದರೆ ಸುಮಾರು 700 ಮೆಟ್ಟಿಲಿಗೆ ನಿಲ್ಲಿಸ್ತೀವಿ. ಕೆಲವು ಮೆಟ್ಟಿಲು ಸವೆದು ನುಣುಪಾಗಿವೆ, ಇಬ್ಬನಿ ಬಿದ್ದ ದಿನ ಓಡಿ ಇಳಿದರೆ ತೊಡೆ ನೋವಲ್ಲ, ಹಲ್ಲೇ ಹೋಗುತ್ತೆ ತಾಯಿ.

ಪ್ರಶ್ನೆ: ನಾನು ರೈತ, ವಯಸ್ಸು 62. ಗದ್ದೆ ಕೆಲಸ ಮಾಡುವವನಿಗೆ ಈ ಓಟ ಬೇಕಾ? ಈ ವಯಸ್ಸಿಗೆ ಆಗುತ್ತಾ?
– ಪಾಂಡವಪುರ

ಉತ್ತರ: ಬೇಕೇ ಬೇಕು ಅಂತ ಹೇಳಲ್ಲ ಅಣ್ಣಾ. ದಿನವಿಡೀ ಗದ್ದೆಯಲ್ಲಿ ಬಗ್ಗಿ ಎದ್ದವರಿಗೆ ವ್ಯಾಯಾಮದ ಪಾಠ ಹೇಳೋಕೆ ನನಗೆ ನಾಚಿಕೆ. ಆಗುತ್ತಾ ಅಂದರೆ ಆಗುತ್ತೆ. ಆಸ್ಟ್ರೇಲಿಯಾದಲ್ಲಿ ಕ್ಲಿಫ್ ಯಂಗ್ ಅಂತ ಆಲೂಗಡ್ಡೆ ಬೆಳೆಯುವ ರೈತರಿದ್ದರು. 1983ರಲ್ಲಿ, ಅವರಿಗೆ 61 ಆಗಿದ್ದಾಗ, ಸಿಡ್ನಿಯಿಂದ ಮೆಲ್ಬರ್ನ್‌ಗೆ 875 ಕಿ.ಮೀ. ಓಟ. ಹೆಸರಾಂತ ಹುಡುಗರ ಜೊತೆ ನಿಂತು ಐದೂವರೆ ದಿನ ಚಿಲ್ಲರೆಯಲ್ಲಿ ಗೆದ್ದರು. ಅವರದು ಓಟವೂ ಅಲ್ಲ, ಕಾಲೆಳೆದುಕೊಂಡು ಹೋಗುವ ನಡಿಗೆಯ ಥರ. ಬೇರೆಯವರು ಮಲಗಿದಾಗ ಇವರು ಹೋಗ್ತಾನೇ ಇದ್ದರು. ಚಿಕ್ಕಂದಿನಲ್ಲಿ ಗಂಬೂಟು ಹಾಕಿಕೊಂಡು ಕುರಿ ಅಟ್ಟಿ ಅಟ್ಟಿ ಅಭ್ಯಾಸವಾದ ಕಾಲು. ಅದಕ್ಕೆ ಮುಂಚೆಯೂ ಓಡಿದವರು ಅನ್ನೋದು ನೆನಪಿರಲಿ, ನಾಳೆಯೇ ಮೇಲುಕೋಟೆಗೆ ಓಡಿಬಿಡಬೇಡಿ. ಎದೆ ಹಿಡಿದ ಹಾಗೆ, ಎಡಗೈ ಜೋಮು ಬಂದ ಹಾಗೆ ಯಾವತ್ತಾದರೂ ಆಗಿದ್ದರೆ ಮೊದಲು ಆಸ್ಪತ್ರೆ. ಆಗಿಲ್ಲವಾದರೆ ಮೇಲಿನ ಅಮ್ಮನಿಗೆ ಬರೆದದ್ದೇ ನಿಮಗೂ, ಬ್ರಾ ಒಂದು ಬಿಟ್ಟು.

ಪ್ರಶ್ನೆ: ಓಡುವ ಮುಂಚೆ ಮುದ್ದೆ ತಿನ್ನಬಹುದೇ?
– ಮಳವಳ್ಳಿ

ಉತ್ತರ: ಬೇಡ. ಮುದ್ದೆ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿರುತ್ತೆ. ಮುಂಚೆ ಒಂದು ಬಾಳೆಹಣ್ಣು ಅಥವಾ ಒಂದು ಚೂರು ಬೆಲ್ಲ, ನಿಮ್ಮ ಕಡೆಯದೇ. ಮುದ್ದೆ, ಬಸ್ಸಾರು ಮಧ್ಯಾಹ್ನಕ್ಕೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಎಲುಬಿಗೆ ಅದು ಬೇಕು.

ಪ್ರಶ್ನೆ: ಮೇಷ್ಟ್ರೇ, ನಿಮ್ಮ ಹತ್ತಿರ ಎಷ್ಟು ಪದಕ ಇವೆ? ಎಲ್ಲಿಟ್ಟಿದ್ದೀರಿ?
– ನಿಮ್ಮ ಗುಂಪಿನವಳೇ, ಗೊತ್ತಾಯ್ತಲ್ಲ

ಉತ್ತರ: ಗೊತ್ತಾಯ್ತು ಕಣಮ್ಮ. ಎಣಿಸಿಲ್ಲ. ಓಟ ಮುಗಿಸಿದವರಿಗೆಲ್ಲ ಕೊಡುವ ಪದಕಗಳೇ ಹೆಚ್ಚು, ಗೆದ್ದದ್ದು ಮೂರೋ ನಾಲ್ಕೋ. ಹಿತ್ತಲಿನ ಸಪೋಟಾ ಗಿಡದಲ್ಲಿ ನೇತಾಡ್ತಿವೆ, ಬಿಸಿಲಿಗೆ ಮಿಂಚಿದರೆ ಗಿಳಿಗಳು ಹೆದರುತ್ತವೆ ಅಂತ ಹೆಂಡತಿಯ ಲೆಕ್ಕ. ಮೊದಲ ವಾರ ಹೆದರಿದವು. ಈಗ ಪದಕದ ರಿಬ್ಬನ್ ಮೇಲೇ ಕೂತು ಹಣ್ಣು ತಿಂತಾವೆ.